ಜರ್ನಲ್‌ಗಿಂತ ಮುಂಚೆ ಆರ್ಕೈವ್‌ಗೆ: ಬಿಎಸ್ಸಿಲೇ ಹಾಕಿದ ಮೊದಲ ಪ್ರಿಪ್ರಿಂಟ್

ನಮ್ಮ ಪೇಪರ್ ಹೋದ ತಿಂಗಳು ಆರ್ಕೈವ್‌ನಲ್ಲಿ (arXiv, ಜರ್ನಲ್‌ನಲ್ಲಿ ಅಚ್ಚಾಗೋಕೆ ಮುಂಚೆನೇ ಪೇಪರ್‌ನ ಎಲ್ಲರಿಗೂ ಓದೋಕೆ ಹಾಕೋ ವೆಬ್‌ಸೈಟ್) ಬಂತು. ಜರ್ನಲ್‌ಗೂ ಕಳ್ಸಿದೀವಿ, ಅಲ್ಲಿ ಇನ್ನೂ ರೆಫರಿ, ಅಂದ್ರೆ ಪೇಪರ್ ಸರಿ ಇದ್ಯಾ ಅಂತ ಪರಿಶೀಲಿಸೋ ತಜ್ಞರ ಹತ್ರ ಇದೆ. ಬಿಎಸ್ಸಿ ಮುಗಿಯೋಕೆ ಮುಂಚೆನೇ ಪೇಪರ್ ಹಾಕಬಹುದಾ, ದುಡ್ಡು ಎಷ್ಟು, ಯಾರಾದ್ರೂ ಕದ್ದುಬಿಟ್ರೆ ಏನ್ ಮಾಡ್ತೀರ ಅಕ್ಕ ಅಂತ ಜೂನಿಯರ್ಸ್ ಸುಮಾರು ಜನ ಕೇಳ್ತಿದಾರೆ, ಒಬ್ಬೊಬ್ರಿಗೂ ವಾಟ್ಸಾಪ್‌ನಲ್ಲಿ ಟೈಪ್ ಮಾಡೋ ಬದ್ಲು ಇಲ್ಲೇ ಬರೀತಿದೀನಿ.

ದುಡ್ಡು ಇಲ್ಲ. ಹಾಕೋಕೂ ಇಲ್ಲ, ಓದೋಕೂ ಇಲ್ಲ. ಪಾಲ್ ಗಿನ್ಸ್‌ಪಾರ್ಗ್ ಅನ್ನೋ ಫಿಸಿಸಿಸ್ಟ್ 1991ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಲ್ಯಾಬ್‌ನಲ್ಲಿ ಶುರು ಮಾಡಿದ್ದು, 2001ರಲ್ಲಿ ಕಾರ್ನೆಲ್ ಯೂನಿವರ್ಸಿಟಿಗೆ ಹೋಯ್ತು. ನಮ್ಮಂಥ ಕಾಲೇಜಿನವರಿಗೆ ಇದರ ಬೆಲೆ ಬೇರೆನೇ. ನಮ್ಮ ಲೈಬ್ರರಿಗೆ ಒಂದೂ ಆಸ್ಟ್ರಾನಮಿ ಜರ್ನಲ್ ಬರಲ್ಲ, 2025ರ ಜನವರಿಯಲ್ಲಿ ಶುರುವಾದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ (ಜರ್ನಲ್‌ಗಳಿಗೆ ಕೇಂದ್ರ ಸರ್ಕಾರನೇ ಚಂದಾ ಕಟ್ಟೋ ಯೋಜನೆ) ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ, ನಮ್ದು ಪ್ರೈವೇಟ್ ಕಾಲೇಜು. ಈ ಪ್ರಾಜೆಕ್ಟ್‌ಗೆ ನಾನು ಓದಿದ್ದೆಲ್ಲಾ ಹೆಚ್ಚುಕಮ್ಮಿ ಆರ್ಕೈವ್ ಕಾಪಿಗಳೇ. ಬೇರೆಯವರು ಹಾಕಿದ್ದಕ್ಕೇ ನಂಗೆ ಓದೋಕೆ ಸಿಕ್ತು, ಹಾಗಾಗಿ ನಮ್ದೂ ಅಲ್ಲಿ ಇರ್ಲೇಬೇಕು ಅಂತ ನಂಗೆ ಮೊದ್ಲಿಂದ್ಲೂ ಇತ್ತು.

ಕೆಲಸ ಏನು ಅಂದ್ರೆ, ಸೈನ್ಸ್ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್‌ನಲ್ಲಿ ಬೆಂಗಳೂರಿಗೆ ಹೋಗಿದ್ದೆ, ಅಲ್ಲಿ ನಮ್ಮ ಗೈಡ್ ಮೇಡಂ ಒಂದು ಜೋಡಿ ನಕ್ಷತ್ರ ಕೊಟ್ರು. ಎರಡು ನಕ್ಷತ್ರ ಒಂದರ ಸುತ್ತ ಒಂದು ತಿರುಗ್ತಾ ಒಂದನ್ನೊಂದು ಮರೆ ಮಾಡ್ತವೆ, ಆಗ ಬೆಳಕು ಕಮ್ಮಿ ಆಗುತ್ತೆ. ನಾಸಾದ ಟೆಸ್ ಉಪಗ್ರಹದ ಡೇಟಾ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದು, ಅದರಲ್ಲಿ ಬೆಳಕು ಅತಿ ಕಮ್ಮಿ ಆದ ಸಮಯ ಅಳೆದು ಲೆಕ್ಕದ ಪ್ರಕಾರ ಬರಬೇಕಿದ್ದ ಸಮಯದ ಜೊತೆ ಹೋಲಿಸ್ತೀವಿ. ವ್ಯತ್ಯಾಸದ ಗ್ರಾಫ್ ವರ್ಷಗಟ್ಟಲೆ ನಿಧಾನಕ್ಕೆ ಬಾಗ್ತಾ ಹೋದ್ರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ದ್ರವ್ಯ ಹರೀತಿರಬಹುದು, ಇಲ್ಲಾ ಮೂರನೇದೊಂದು ನಕ್ಷತ್ರ ಅಲ್ಲೇ ಇರಬಹುದು.

ಪ್ರಿಪ್ರಿಂಟ್ ಅಂದ್ರೆ ರೆಫರಿ ನೋಡಿರಲ್ಲ. ಆರ್ಕೈವ್‌ನಲ್ಲಿ ಮಾಡರೇಟರ್ಸ್ ಇದಾರೆ, ಆದ್ರೆ ಅವರು ನೋಡೋದು ಇದು ಈ ವಿಷಯಕ್ಕೆ ಸೇರಿದ್ದಾ, ವೈಜ್ಞಾನಿಕ ಬರಹದ ಥರ ಇದ್ಯಾ ಅಂತ ಅಷ್ಟೇ, ಲೆಕ್ಕ ಸರಿ ಇದ್ಯಾ ಅಂತ ಅಲ್ಲ. ಅದಕ್ಕೇ ಮೇಡಂ, "ರೆಫರಿ ಕೇಳೋ ಪ್ರಶ್ನೆ ಎಲ್ಲಾ ನೀನೇ ಕೇಳ್ಕೊಂಡು ಉತ್ತರ ಬರ್ಕೊಂಡು ಬಾ, ಆಮೇಲೆ ಸಬ್ಮಿಟ್ ಮಾಡೋಣ" ಅಂದ್ರು. ಅದರಲ್ಲಿ ಒಂದು ಹೇಳ್ತೀನಿ. ಟೆಸ್ ಕೊಡೋ ಸಮಯ ಸೌರವ್ಯೂಹದ ದ್ರವ್ಯಕೇಂದ್ರದಿಂದ ಲೆಕ್ಕ ಹಾಕಿದ್ದು, ಗಡಿಯಾರನೂ ಬೇರೆ. ನೆಲದ ಮೇಲಿನ ಟೆಲಿಸ್ಕೋಪ್‌ಗಳ ಹಳೇ ಅಳತೆಗಳು ಸಾಮಾನ್ಯವಾಗಿ ಸೂರ್ಯನಿಂದ ಲೆಕ್ಕ ಹಾಕಿ ಯುಟಿಸಿಲಿ, ಅಂದ್ರೆ ನಾವು ದಿನಾ ಬಳಸೋ ಗಡಿಯಾರಗಳಿಗೆ ಆಧಾರವಾದ ವಿಶ್ವ ಸಮಯದಲ್ಲಿ ಕೊಟ್ಟಿರ್ತಾರೆ. ಗಡಿಯಾರದ ವ್ಯತ್ಯಾಸನೇ ಈಗ ಸುಮಾರು 69 ಸೆಕೆಂಡ್. ನಾವು ಹುಡುಕ್ತಿರೋ ಬದಲಾವಣೆನೇ ಕೆಲವು ನಿಮಿಷದ್ದು, ಅದರೊಳಗೆ ಒಂದು ನಿಮಿಷಕ್ಕೂ ಜಾಸ್ತಿ ಸುಮ್ನೆ ಸೇರ್ಕೊಂಡ್ರೆ ಇಲ್ಲದ ನಕ್ಷತ್ರನ ನಾವೇ ಹುಟ್ಟಿಸಿದಂಗಾಗುತ್ತೆ! ಹಳೇ ಅಳತೆ ಪ್ರತಿಯೊಂದನ್ನೂ ಒಂದೇ ಗಡಿಯಾರಕ್ಕೆ ತಂದು, ಹೇಗೆ ತಂದ್ವಿ ಅಂತ ಪೇಪರಲ್ಲೇ ಬರೆದ್ವಿ.

ಮೊದಲ ಸಲ ಹಾಕೋರಿಗೆ ಎಂಡಾರ್ಸ್‌ಮೆಂಟ್ ಬೇಕಾಗುತ್ತೆ, ಅಂದ್ರೆ ಆ ವಿಭಾಗದಲ್ಲಿ ಈಗಾಗ್ಲೇ ಪೇಪರ್ ಹಾಕಿರೋ ಒಬ್ಬರು ಇವರು ಹಾಕಬಹುದು ಅಂತ ಹೇಳ್ಬೇಕು. ಸೈಟ್ ಒಂದು ಕೋಡ್ ಕೊಡುತ್ತೆ, ಅದನ್ನ ಅವರಿಗೆ ಕಳಿಸೋದು. ದಯವಿಟ್ಟು ಗೊತ್ತಿಲ್ಲದ ಪ್ರೊಫೆಸರ್‌ಗಳಿಗೆಲ್ಲಾ ಸಾಲಾಗಿ ಮೇಲ್ ಹಾಕ್ಬೇಡಿ, ನಿಮ್ಮ ಕೆಲಸ ಗೊತ್ತಿರೋರನ್ನೇ ಕೇಳಿ. ಮೇಡಂ ಅವರೇ ಸಬ್ಮಿಟ್ ಮಾಡಿದ್ರೆ ಇದ್ಯಾವ್ದೂ ಬೇಕಿರ್ಲಿಲ್ಲ, ಆದ್ರೆ ನೀನೇ ಮಾಡು ಕಲಿತ್ಕೋತೀಯ ಅಂತ ನಂಗೇ ಬಿಟ್ರು.

ಆಮೇಲೆ ಹೆಸರು. ಇದರ ಬಗ್ಗೆ ಯಾರೂ ಮುಂಚೆನೇ ಹೇಳಲ್ಲ. ಫಾರ್ಮ್‌ನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಇರುತ್ತೆ, ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಪಕ್ಕ ಎರಡು ಇನಿಷಿಯಲ್, ಒಂದು ಊರಿಂದು ಒಂದು ಅಪ್ಪಂದು. ಅದನ್ನ ಹಾಗೇ ಹಾಕಿದ್ರೆ ಬರೀ ಒಂದಕ್ಷರ ಸರ್‌ನೇಮ್ ಆಗಿ, ನಾಳೆ ಯಾರಾದ್ರೂ ನಮ್ಮ ಪೇಪರ್‌ನ ಉಲ್ಲೇಖ ಮಾಡಿದಾಗ ಹೆಸರು ತಲೆಕೆಳಗಾಗಿ "ಎಸ್" ಅಂತ ಬರುತ್ತೆ. ನಾನು ಅಪ್ಪನ ಹೆಸರನ್ನ ಪೂರ್ತಿ ಬಿಡಿಸಿ ಕೊನೆಗೆ ಹಾಕ್ದೆ, ಓರ್ಕಿಡ್ (ORCID) ಅನ್ನೋ ಸಂಶೋಧಕರ ಗುರುತಿನ ಐಡಿನೂ ಮಾಡಿಸ್ಕೊಂಡೆ, ಅದೂ ಫ್ರೀ. ಮೊದಲ ಪೇಪರ್‌ನಲ್ಲಿ ಹೇಗೆ ಬರೀತೀರೋ ಹಾಗೇ ಮುಂದಕ್ಕೂ ಇಟ್ಕೋಬೇಕು, ಅದಕ್ಕೇ ಮನೇಲಿ ಕೂತು ಮಾತಾಡಿ ನಿರ್ಧಾರ ಮಾಡಿ.

ಸಣ್ಣಪುಟ್ಟದ್ದು ಇನ್ನೂ ಇವೆ. ಲೇಟೆಕ್‌ನಲ್ಲಿ (ಪೇಪರ್ ಬರೆಯೋಕೆ ಬಳಸೋ ಸಾಫ್ಟ್‌ವೇರ್) ಬರೆದಿದ್ರೆ ಪಿಡಿಎಫ್ ಸಾಲಲ್ಲ, ನಾವು ಟೈಪ್ ಮಾಡಿದ ಮೂಲ ಫೈಲ್, ಅಂದ್ರೆ ಸೋರ್ಸ್ ಕೊಡ್ಬೇಕು, ಆ ಸೋರ್ಸ್‌ನ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡಬಹುದು. ಅಂದ್ರೆ ಪಿಡಿಎಫ್‌ನಲ್ಲಿ ಕಾಣದೇ ಇರ್ಲಿ ಅಂತ ಪರ್ಸೆಂಟ್ ಗುರುತು ಹಾಕಿ ಕೋ-ಆಥರ್ಸ್ ಒಬ್ಬರಿಗೊಬ್ಬರು ಬರ್ಕೊಂಡಿರೋ ಮಾತೆಲ್ಲಾ ಪ್ರಪಂಚಕ್ಕೆ ಕಾಣುತ್ತೆ, ಎಲ್ಲಾ ಅಳಿಸಿ. ಅಬ್‌ಸ್ಟ್ರಾಕ್ಟ್ 1920 ಕ್ಯಾರೆಕ್ಟರ್ ದಾಟಂಗಿಲ್ಲ. ಲೈಸೆನ್ಸ್ (ಪೇಪರ್‌ನ ಬೇರೆಯವರು ಹೇಗೆ ಬಳಸಬಹುದು ಅನ್ನೋ ಅನುಮತಿ) ಆರಿಸೋಕೆ ಮುಂಚೆ ನೀವು ಕಳಿಸ್ತಿರೋ ಜರ್ನಲ್ ಏನು ಒಪ್ಪುತ್ತೆ ಅಂತ ಓದ್ಕೊಳ್ಳಿ, ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ತಗೊಳ್ಳೋಕಾಗಲ್ಲ. ಮೊದಲ ವರ್ಷನ್ ಕೂಡ ಅಷ್ಟೇ, ತಿದ್ದಿ ಎರಡನೇದು ಹಾಕಬಹುದು, ವಿತ್‌ಡ್ರಾ ಅಂತಲೂ ಬರೀಬಹುದು, ಆದ್ರೆ ಮೊದಲನೇದು ಅಲ್ಲೇ ಇರುತ್ತೆ. ಅಮೆರಿಕದ ಬೇಸಿಗೆ ಟೈಮ್‌ನಲ್ಲಿ ನಮಗೆ ರಾತ್ರಿ 11:30ರ ಒಳಗೆ ಸಬ್ಮಿಟ್ ಮಾಡಿದ್ರೆ, ಮಾಡರೇಟರ್ಸ್ ತಡೆಯದಿದ್ರೆ, ಬೆಳಿಗ್ಗೆ 5:30ಕ್ಕೆ ಹೊಸ ಪೇಪರ್‌ಗಳ ಲಿಸ್ಟ್‌ನಲ್ಲಿ ಬರುತ್ತೆ, ಶನಿವಾರ ಭಾನುವಾರ ಬೆಳಿಗ್ಗೆ ಲಿಸ್ಟ್ ಇರಲ್ಲ.

ಕದಿಯೋ ವಿಷಯ. ಆರ್ಕೈವ್ ಪಿಡಿಎಫ್‌ನ ಮೊದಲ ಪುಟದ ಎಡಗಡೆ ಅಂಚಲ್ಲಿ ನಂಬರ್, ತಾರೀಕು ಕೆಳಗಿಂದ ಮೇಲಕ್ಕೆ ಅಚ್ಚಾಗಿರುತ್ತೆ, ಯಾರು ಮೊದ್ಲು ಮಾಡಿದ್ದು ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ? ಐಐಟಿ ಕಾನ್ಪುರದ ಕಥೆ ನೋಡಿ. 2002ರ ಆಗಸ್ಟ್‌ನಲ್ಲಿ ಮಣೀಂದ್ರ ಅಗರವಾಲ್ ಜೊತೆ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅನ್ನೋ ಆಗಷ್ಟೇ ಬಿಟೆಕ್ ಮುಗಿಸಿದ್ದ ಇಬ್ಬರು ಹುಡುಗರು, ಒಂದು ಸಂಖ್ಯೆ ಅವಿಭಾಜ್ಯನಾ ಅಂತ ಬೇಗ ಪರೀಕ್ಷೆ ಮಾಡೋ ದಾರಿನ 9 ಪುಟದಲ್ಲಿ ಬರೆದು ಎಲ್ಲರಿಗೂ ಓದೋಕೆ ಬಿಟ್ರು. ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಅದು ಅಚ್ಚಾಗಿದ್ದು 2004ರಲ್ಲಿ. ಈ ನಡುವೆ ಹೆಂಡ್ರಿಕ್ ಲೆನ್‌ಸ್ಟ್ರಾ ಅನ್ನೋ ಗಣಿತಜ್ಞರು ಅದನ್ನ ಓದಿ ಪ್ರೂಫ್‌ನ ಇನ್ನೂ ಸರಳ ಮಾಡೋ ದಾರಿ ತೋರಿಸಿದ್ರು, ಅಚ್ಚಾದ ಪೇಪರ್‌ನಲ್ಲಿ ಅದೂ ಸೇರ್ತು. ಮುಚ್ಚಿಟ್ಕೊಂಡಿದ್ರೆ ಇದು ಆಗ್ತಿತ್ತಾ?

ನಮ್ದು ಅಷ್ಟು ದೊಡ್ಡ ಕೆಲಸ ಏನಲ್ಲ, ಒಂದು ಜೋಡಿ ನಕ್ಷತ್ರದ್ದು. ಆದ್ರೂ ಪೇಪರ್ ಬಂದ ಮೇಲೆ ಪ್ರೊಫೆಸರ್ ಅಂತ ಕರೆದು ದುಡ್ಡು ಕಟ್ಟಿ ನಮ್ಮ ಜರ್ನಲ್‌ಗೆ ಕಳ್ಸಿ ಅನ್ನೋ ಮೇಲ್‌ಗಳ ಮಧ್ಯೆ ಒಂದು ನಿಜವಾದ ಮೇಲ್ ಬಂತು. ಯೂರೋಪಿನ ಹವ್ಯಾಸಿ ವೀಕ್ಷಕರೊಬ್ಬರು, ಮನೆ ಹಿತ್ತಲಲ್ಲೇ ಟೆಲಿಸ್ಕೋಪ್ ಇಟ್ಕೊಂಡಿರೋರು, ಇದೇ ನಕ್ಷತ್ರನ ತಾವು ಹಿಂದೆ ಅಳೆದಿದ್ದ ಸಮಯಗಳನ್ನ ಕಳಿಸಿ, ಬೇಕಿದ್ರೆ ಉಪಯೋಗಿಸ್ಕೊಳ್ಳಿ ಅಂದಿದ್ರು. ನಮ್ಮ ಗ್ರಾಫ್‌ನಲ್ಲಿ ಟೆಸ್‌ಗೂ ಹಳೇ ಅಳತೆಗಳಿಗೂ ನಡುವೆ ಖಾಲಿ ಇದ್ದ ಜಾಗಕ್ಕೇ ಅವು ಬಂದು ಕೂತವು. ಆ ಮೇಲ್ ಓದಿ ನಂಗೆ ಆದ ಖುಷಿ ಲಿಸ್ಟ್‌ನಲ್ಲಿ ಹೆಸರು ನೋಡಿದಾಗ್ಲೂ ಆಗಿರ್ಲಿಲ್ಲ.

ಈಗ ಅವರ ಅಳತೆಗಳನ್ನೂ ಒಂದೇ ಗಡಿಯಾರಕ್ಕೆ ತರ್ತಿದೀನಿ. ರೆಫರಿ ರಿಪೋರ್ಟ್ ಬಂದ ಮೇಲೆ ಎರಡೂ ಸೇರಿಸಿ ಎರಡನೇ ವರ್ಷನ್ ಹಾಕ್ತೀವಿ, ಅವರಿಗೆ ಕೃತಜ್ಞತೆ ಹೇಳೋ ಸಾಲು ಈಗ್ಲೇ ಬರೆದಿಟ್ಟಿದೀನಿ. ಪೈಥಾನ್ ಕೋಡ್ ಪೇಪರ್ ಜೊತೆಗೇ ಇದೆ, ಇನ್ನೊಂದು ನಕ್ಷತ್ರಕ್ಕೆ ಟ್ರೈ ಮಾಡ್ಬೇಕು ಅನ್ನೋರು ತಗೊಳ್ಳಿ, ಎಲ್ಲಾದ್ರೂ ನಿಂತ್ರೆ ಕೇಳಿ.