ನಮ್ಮ ಎತ್ತು ಎಲ್ಲಿ ಬಿಟ್ಟು ಬಂದ್ವಿ?

ಭಾನುವಾರ ಚರ್ಚ್ ಮುಗಿಸಿಕೊಂಡು ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಅಪ್ಪಾ, ನಾವು ಇಲ್ಲಿಗೆ ಬರುವಾಗ ನಮ್ಮ ಎತ್ತು ಎಲ್ಲಿ ಬಿಟ್ಟು ಬಂದ್ವಿ?"

ಜುಲೈ ಹತ್ತಿರ ಬಂದರೆ ಅಮೆರಿಕದ ಯೂಟಾ ರಾಜ್ಯದ ಮಕ್ಕಳ ಬಾಯಲ್ಲಿ ಎತ್ತಿನ ಗಾಡಿಯದೇ ಮಾತು. 1847ರ ಜುಲೈ 24ರಂದು ಮಾರ್ಮನ್ ಅನ್ನುವ ಕ್ರೈಸ್ತ ಪಂಗಡದ ಮುಖಂಡ ಬ್ರಿಗಮ್ ಯಂಗ್ ತನ್ನ ಜನರ ಜೊತೆ ಸಾಲ್ಟ್ ಲೇಕ್ ಕಣಿವೆಗೆ ಬಂದಿಳಿದ. ಆ ದಿನ ಇಲ್ಲಿ ಇಡೀ ರಾಜ್ಯಕ್ಕೆ ರಜೆ. ಚರ್ಚಿನ ಮಕ್ಕಳ ಕ್ಲಾಸಿನಲ್ಲಿ ಒಬ್ಬೊಬ್ಬರೂ ತಮ್ಮ ಮುತ್ತಜ್ಜನ ಅಜ್ಜ ಹೇಗೆ ಬಂದ, ಗಾಡಿಗೆ ಎಷ್ಟು ಎತ್ತು ಹೂಡಿದ್ದ ಅಂತ ಹೇಳಿದ್ದಾರೆ. ಇವಳ ಸರದಿ ಬಂದಾಗ ಏನು ಹೇಳಬೇಕೋ ತಿಳಿದಿಲ್ಲ. ನಾವು ವಿಮಾನದಲ್ಲಿ ಬಂದವರು ಅನ್ನುವುದು ಅವಳಿಗೆ ಗೊತ್ತು. ಆದರೆ ಎತ್ತು ಇದ್ದವು ಅನ್ನುವುದೂ ಗೊತ್ತು. ಅಜ್ಜಿ ಫೋನಿನಲ್ಲಿ ಹೇಳಿದ್ದಾಳೆ.

"ಯಲಬುರ್ಗಾ ಕಡೆ, ನಮ್ಮೂರಲ್ಲಿ," ಅಂದೆ. ಮುಂದೆ ಅವಳೇನೂ ಕೇಳಲಿಲ್ಲ. ನನಗೇ ಸುಮ್ಮನಿರಲು ಆಗಲಿಲ್ಲ. ಮನೆಗೆ ಬಂದು ಪಂಚಾಂಗ ತೆಗೆದು ನೋಡಿದೆ. ಬರುವ ಶುಕ್ರವಾರ, ಜುಲೈ 5, ಅಮಾವಾಸ್ಯೆ. ಮಣ್ಣೆತ್ತಿನ ಅಮಾವಾಸ್ಯೆ!

ನಾನು ಮಾರ್ಮನ್ ಆದದ್ದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ. ನನ್ನ ನಂಬಿಕೆ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಹೆಂಡತಿ ಬಳ್ಳಾರಿಯವಳು. ಅವರ ಮನೆಯವರು ಅಜ್ಜನ ಕಾಲದಿಂದಲೇ ಕ್ರೈಸ್ತರು. ಈಗ ಓರೆಮ್ ಎಂಬ ಊರಲ್ಲಿ ಬಾಡಿಗೆ ಮನೆ. ಕಿಟಕಿ ತೆಗೆದರೆ ಟಿಂಪನೋಗಸ್ ಬೆಟ್ಟ. ಯುಗಾದಿ, ದೀಪಾವಳಿಗೆ ಕನ್ನಡದವರು ಸೇರುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಯಾರು ಸೇರುತ್ತಾರೆ? ಅದು ಹೊಲ ಇದ್ದವರ ಹಬ್ಬ.

ಹೋಳಿಗೆಗೆ ಬೇಳೆ, ಬೆಲ್ಲ ಸಿಕ್ಕವು. ಜೋಳವೂ ಸಿಕ್ಕಿತು. ಸಿಗದೇ ಹೋದದ್ದು ಎರೆಮಣ್ಣು. ಅಂಗಡಿಗೆ ಹೋದರೆ ಮಕ್ಕಳು ಆಡುವ ಬಣ್ಣದ ಮಣ್ಣು ಉಂಟು. ಹಾಲಿನಷ್ಟು ಬೆಳ್ಳಗಿನ ಜೇಡಿಯೂ ಪ್ಯಾಕೆಟ್ಟಿನಲ್ಲಿ ಉಂಟು. ಒಂದು ತಂದೆ. ಹಿಸುಕಿದರೆ ಮೆತ್ತಗೇನೋ ಇತ್ತು, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ. ಮೊದಲ ಮಳೆ ಬಿದ್ದ ಮೇಲೆ ಅಪ್ಪ ಹೊಲದಿಂದ ಬರುವಾಗ ಟವೆಲಿನಲ್ಲಿ ಮಣ್ಣು ಕಟ್ಟಿಕೊಂಡು ಬರುತ್ತಿದ್ದ. ಅದನ್ನು ಪಡಸಾಲೆಯಲ್ಲಿ ಸುರಿದರೆ ಮನೆಯೆಲ್ಲ ಅದೇ ವಾಸನೆ. ಹರಳು ಆರಿಸಿ, ನೀರು ಚಿಮುಕಿಸಿ, ಅಂಗೈಯಿಂದ ತಿಕ್ಕಿ ತಿಕ್ಕಿ ಹದ ಮಾಡುವುದು ಅವ್ವನ ಕೆಲಸ. ಕುಂಬಾರರ ಮನೆಯಿಂದ ಒಂದು ಜೋಡಿ ಬರುತ್ತಿತ್ತು, ಅದು ಜಗಲಿಗೆ. ಮನೆಯಲ್ಲಿ ಅಪ್ಪ ಮಾಡುವ ಜೋಡಿ ನನಗೆ.

ಚರ್ಚಿನ ಗುಂಪಿನಲ್ಲಿ ಒಂದು ಸಂದೇಶ ಹಾಕಿದೆ: ಮಕ್ಕಳಿಗೆ ಎತ್ತು ಮಾಡಿಕೊಡಬೇಕು, ಹೊಲದ ಜಿಗುಟು ಮಣ್ಣು ಎಲ್ಲಿ ಸಿಗುತ್ತದೆ? ಸೋಮವಾರ ಸಂಜೆ ಎದುರು ಮನೆಯ ಅಜ್ಜ ಬಂದು ಬಾಗಿಲು ಬಡಿದರು. ಕೈಯಲ್ಲಿ ಬಕೆಟ್, ಅದರ ತುಂಬ ಹಸಿ ಮಣ್ಣು. ಮಗನ ಹೊಲದ ಕಾಲುವೆ ಬದಿಯಿಂದ ತಾವೇ ಅಗೆದು ತಂದಿದ್ದರು. ವಯಸ್ಸು ಎಂಬತ್ತರ ಹತ್ತಿರ. ಹಿಂದೆ ನಮ್ಮ ವಾರ್ಡಿಗೆ, ಅಂದರೆ ಈ ಭಾಗದ ಸಭೆಗೆ, ಬಿಷಪ್ ಆಗಿದ್ದವರು. ನಮ್ಮಲ್ಲಿ ಬಿಷಪ್ಪರಿಗೆ ಸಂಬಳ ಇಲ್ಲ. ಅವರವರ ದುಡಿಮೆ ಅವರವರಿಗೆ, ಮಿಕ್ಕ ಹೊತ್ತು ಸಭೆಗೆ. ಮಣ್ಣು ಬೂದು ಬಣ್ಣದ್ದು, ನಮ್ಮದರಷ್ಟು ಕಪ್ಪಲ್ಲ. ಆದರೆ ಕೈ ಹಾಕಿದರೆ ಬೆರಳಿಗೆ ಅಂಟಿಕೊಂಡು ಬಿಡಲಿಲ್ಲ. ಒಳಗೆ ಕರೆದೆ. ಮೊಮ್ಮಕ್ಕಳನ್ನೂ ಕರೆತರಲೇ ಅಂದರು. ಕರೆತಂದರು.

ಸೋಮವಾರ ಸಂಜೆ ನಮ್ಮ ಸಭೆಯವರು ಹೆಚ್ಚಾಗಿ ಮನೆಯಲ್ಲೇ ಇರುತ್ತೇವೆ. ಹಾಡು, ಪ್ರಾರ್ಥನೆ, ಧರ್ಮಗ್ರಂಥದ ಒಂದು ಪಾಠ, ಆಮೇಲೆ ಮಕ್ಕಳ ಜೊತೆ ಆಟ, ತಿನ್ನಲು ಏನಾದರೂ ಸಿಹಿ. 1915ರಲ್ಲಿ ಸಭೆಯ ಹಿರಿಯರು ವಾರಕ್ಕೊಂದು ಸಂಜೆ ಮನೆಮಂದಿಗೆ ಮೀಸಲಿಡಿ ಅಂತ ಹೇಳಿದರು. 1970ರಿಂದ ಅದಕ್ಕೆ ಸೋಮವಾರವೇ ಗೊತ್ತಾಯಿತು. ತಂದೆಯಾದವನಿಗೆ ಆ ಸಂಜೆ ಸಭೆಯ ಬೇರೆ ಕೆಲಸ ಇರುವುದಿಲ್ಲ. ಈ ಕಟ್ಟಳೆ ಕೇಳಿದಾಗ ಬೇರೆಯವರಿಗೆ ಹೊಸದು ಅನ್ನಿಸಿರಬಹುದು, ನನಗೆ ಅನ್ನಿಸಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಾರಾ? ಬಸವಣ್ಣನ ವಾರ ಅದು. ಎತ್ತಿಗೆ ಬಿಡುವು ಸಿಕ್ಕ ದಿನವೇ ಅಪ್ಪ ನನ್ನ ಕೈಗೆ ಸಿಗುತ್ತಿದ್ದ. ಎತ್ತಿನ ಮೈ ತೊಳೆಯಲು ಹಳ್ಳಕ್ಕೆ ಹೋದರೆ ನನ್ನನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ಮಿಕ್ಕ ದಿನ ಅವನು ಹೊಲದವನು.

ಮಣ್ಣಿನ ಮುಂದೆ ಕೂತ ಮಕ್ಕಳಿಗೆ ನಾನು ಮಾಡಿ ತೋರಿಸಿದೆ. ಅಜ್ಜನ ಮೊಮ್ಮಕ್ಕಳು ಮಾಡಿದ ಎತ್ತುಗಳ ಬೆನ್ನು ಸಪಾಟಾಗಿತ್ತು. ಹಿಣಿಲೇ ಇಲ್ಲ. ಮಗಳು ಬಿಡಲಿಲ್ಲ. ಒಂದೊಂದಕ್ಕೂ ಮಣ್ಣಿನ ಉಂಡೆ ತಂದು ಮೆತ್ತಿದಳು. "ನಮ್ಮ ಎತ್ತಿಗೆ ಅದು ಇರಲಿಲ್ಲಮ್ಮ," ಅಂತ ಅಜ್ಜ ನಕ್ಕರು. ಹೆಂಡತಿ ಗೋದಲಿ, ಅಂದರೆ ಎತ್ತಿಗೆ ಮೇವು ಹಾಕುವ ತೊಟ್ಟಿ, ಮಾಡಿದಳು. ಬಳ್ಳಾರಿಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಮಾಡಿದ ಕೈ, ಅಚ್ಚುಕಟ್ಟಾಗಿ ಬಂತು. ಕಣ್ಣಿಗೆ ಜೋಳದ ಕಾಳು ಒತ್ತಿದೆವು. ಮಗ ನಾಲ್ಕು ವರ್ಷದವನು, ಒಂದು ಎತ್ತಿನ ಕಾಲು ಮುರಿದ. ಅಳಬೇಡ, ಅದು ಕುಂಟೆತ್ತು, ಹಬ್ಬ ಆದಮೇಲೆ ಮನೆಮನೆಗೆ ಹಿಡಿದುಕೊಂಡು ಹೋದರೆ ಅದಕ್ಕೇ ಜಾಸ್ತಿ ಜೋಳ ಸಿಗೋದು ಅಂದೆ. ಮರುದಿನ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಬೀದಿಯ ಮನೆಮನೆಗೆ ಹೊರಟು ನಿಂತಿದ್ದ. ಹಬ್ಬಕ್ಕೂ ಮೊದಲೇ!

ಅಷ್ಟರಲ್ಲಿ ಅಜ್ಜ ಕೇಳಿದರು: "ನಿಮ್ಮ ತಂದೆಯ ಎತ್ತುಗಳ ಹೆಸರೇನು?"

ಈ ದೇಶಕ್ಕೆ ಬಂದ ಮೇಲೆ ನನ್ನ ಊರಿನ ಬಗ್ಗೆ ಎಷ್ಟೋ ಜನ ಕೇಳಿದ್ದಾರೆ. ಬಿಸಿಲು, ಊಟ, ಜನಸಂಖ್ಯೆ. ಇದನ್ನು ಯಾರೂ ಕೇಳಿರಲಿಲ್ಲ. "ಸಾರಂಗ, ಮಾಲಿಂಗ," ಅಂದೆ. ಅವರು ಎರಡನ್ನೂ ನಿಧಾನವಾಗಿ, ತಪ್ಪಿದರೆ ತಿದ್ದಿಕೊಂಡು, ಹೇಳಿದರು. ತಮ್ಮ ಮನೆತನದ ಜೋಡಿಯ ಹೆಸರು ಬಕ್, ಬ್ರೈಟ್ ಅಂದರು. ತಲೆಮಾರುಗಳು ಕಳೆದರೂ ಮನೆಯಲ್ಲಿ ಆ ಹೆಸರು ಉಳಿದಿವೆ. ಅವರ ಹೆಂಡತಿಯ ಕಡೆಯವರು ಮಾತ್ರ ಕೈಗಾಡಿ ಎಳೆದುಕೊಂಡು ಬಂದವರು. 1856ರಿಂದ 1860ರವರೆಗೆ ಗಾಡಿ, ಎತ್ತು ಕೊಳ್ಳಲು ದುಡ್ಡಿಲ್ಲದ ಸುಮಾರು 3000 ಜನ ಹಾಗೆ ಬಂದರು. ಮೊದಲ ವರ್ಷವೇ ತಡವಾಗಿ ಹೊರಟ ಎರಡು ತಂಡ ಹಿಮಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು.

ಚರ್ಚಿನಲ್ಲಿ ಈ ಕತೆ ಹೇಳುವಾಗಲೆಲ್ಲ ಪಕ್ಕದವರು ತಮ್ಮ ಹಿರಿಯರನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಕಣ್ಣಮುಂದೆ ಬರುವವನು ಅಪ್ಪ. ನಾನು ಬೆಂಗಳೂರು ಸೇರಿದ ಮೇಲೆ ಅವನಿಗೆ ಮೊಣಕಾಲು ನೋವು ಶುರುವಾಯಿತು. ಎರಡು ಮಳೆಗಾಲ ಕೈಕೊಟ್ಟವು, ಮೇವು ಇಲ್ಲ. ಜೋಡಿಯನ್ನು ದನದ ಸಂತೆಗೆ ಹೊಡೆದುಕೊಂಡು ಹೋದ. ಹಗ್ಗ, ಹುರಿಗೆಜ್ಜೆ ಬಿಚ್ಚಿಕೊಂಡು ಮನೆಗೆ ಬಂದು, ಗೂಟಕ್ಕೆ ತೂಗುಹಾಕಿ, ಊಟ ಮಾಡದೆ ಮಲಗಿದನಂತೆ. ಇದನ್ನು ಅವ್ವ ಹೇಳಿದ್ದು. ಮರುವರ್ಷ ಎಡೆ ಹೊಡೆಯಲು ಬಾಡಿಗೆ ಎತ್ತು ಸಿಗದೆ, ಸೈಕಲ್ ಎಡೆಕುಂಟೆಯನ್ನು ತಾನೇ ನೂಕಿದ. ಆ ಮೊಣಕಾಲಲ್ಲಿ. ಆಗ ನಾನು ಏರ್‌ಕಂಡೀಷನ್ ಆಫೀಸಿನಲ್ಲಿ ಕೂತಿದ್ದೆ. ನೀನಿದ್ದಿದ್ದರೆ ಎತ್ತು ಮಾರುತ್ತಿರಲಿಲ್ಲ ಅಂತ ಅವನು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ನಾನು ಸಭೆ ಸೇರಿದ ಸುದ್ದಿ ಹೇಳಿದಾಗಲೂ ಅವನು ಬಯ್ಯಲಿಲ್ಲ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಎಲೆ ಅಡಿಕೆ ಅಗಿದ. ಆಮೇಲೆ ಅಂದ: "ಹೊಲ ಬ್ಯಾರೆ ಮಾಡ್ಕೊಂಡಿ. ಬದು ಇರಲಿ ತಮ್ಮಾ, ಬೇಲಿ ಹಾಕಬ್ಯಾಡ." ಅವ್ವನ ಚಿಂತೆ ಬೇರೆ: ಸಭೆ ಸೇರಿದ ಮಗ ಇನ್ನು ಚಹಾ ಕುಡಿಯುವುದಿಲ್ಲವಂತೆ, ಬಂದವರ ಮನೆಯಲ್ಲಿ ಏನು ಹೇಳುವುದು? ಈಗಲೂ ಊರಿಗೆ ಹೋದರೆ ನಾನು ಯಾರ ಮನೆಗೆ ಹೊರಟೆ ಅಂತ ನೋಡಿಕೊಂಡು, ಮುಂಚೆಯೇ ಅಲ್ಲಿಗೆ ಹೋಗಿ "ಅವಂಗ ಹಾಲು ಕಾಸ್ರಿ" ಅಂದು ಬರುತ್ತಾಳೆ.

ಶುಕ್ರವಾರ ಬೆಳಿಗ್ಗೆ ಮನೆ ತುಂಬ ಗಡಿಬಿಡಿ. ಹಿಂದಿನ ರಾತ್ರಿ ಇಲ್ಲಿನ ಸ್ವಾತಂತ್ರ್ಯ ದಿನಕ್ಕೆ ಹೊಡೆದ ಪಟಾಕಿ ವಾಸನೆ ಬೀದಿಯಲ್ಲಿ ಇನ್ನೂ ಇತ್ತು. ಹೆಂಡತಿ ಹೂರಣ ರುಬ್ಬಿದಳು, ನಾನು ಕೋಡುಬಳೆ ಸುತ್ತಿದೆ. ಕೊಂಬಿಗೆ ಹಾಕಲು ಸಣ್ಣವು ಬೇರೆ. ಕಟ್ಟಿನ ಸಾರಿಗೆ ಒಗ್ಗರಣೆ ಬಿದ್ದಾಗ ಹೊಗೆ ಅಲಾರಂ ಕೂಗಿತು, ಮಗ ಕುಣಿದ. ಎತ್ತುಗಳನ್ನು ಪುಸ್ತಕದ ಕಪಾಟಿನ ಮೇಲೆ ನಿಲ್ಲಿಸಿದೆವು. ನಾಲ್ವರೂ ಮೊಣಕಾಲೂರಿ ಪ್ರಾರ್ಥನೆ ಮಾಡಿದೆವು. ಮಳೆಗೆ, ಊರಿನ ಹೊಲಕ್ಕೆ, ಅಜ್ಜಿಯ ಆರೋಗ್ಯಕ್ಕೆ. ಆರತಿ ಬೆಳಗಲಿಲ್ಲ.

ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆ, ದೀಪ ಹಚ್ಚಿದ್ದಳು. ನಮ್ಮ ಎತ್ತು ನೋಡಿ ಕೈಮುಗಿದಳು. ಆಮೇಲೆ ಕೇಳಿದಳು: "ಎಡಿ ಹಿಡದ್ಯೇನು?"

"ಇಲ್ಲವ್ವ."

ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹೋಗ್ಲಿ ಬಿಡು. ಎತ್ತಿಗೆ ಉಣ್ಣಾಕ ಏನ ಇಟ್ಟೀರಿ?"

ಮಗಳು ಫೋನ್ ಕಿತ್ತುಕೊಂಡು ಗೋದಲಿ ತೋರಿಸಿದಳು. ಯಾರೂ ಹೇಳದೆಯೇ ಅದರಲ್ಲಿ ಜೋಳ ಸುರಿದು, ಮೇಲೆ ಅರ್ಧ ಹೋಳಿಗೆ ಇಟ್ಟಿದ್ದಳು.

ಎದುರು ಮನೆಗೂ ಹೋಳಿಗೆ ಕೊಟ್ಟು ಬಂದೆವು. ಅಜ್ಜ ಸ್ವಂತ ವಂಶಾವಳಿ ತೆಗೆದು ತೋರಿಸಿದರು. ನಮ್ಮ ಸಭೆಯಲ್ಲಿ ಇದು ದೊಡ್ಡ ಕೆಲಸ. 1894ರಲ್ಲೇ ಇದಕ್ಕೊಂದು ಸಂಘ ಕಟ್ಟಿದರು. ಸಾಲ್ಟ್ ಲೇಕ್ ಪಕ್ಕದ ಬೆಟ್ಟದೊಳಗೆ ಕಲ್ಲು ಕೊರೆದು ಉಗ್ರಾಣ ಮಾಡಿ, ಲೋಕದ ನಾನಾ ಊರುಗಳ ಜನನ ಮರಣದ ದಾಖಲೆಗಳ ಮೈಕ್ರೋಫಿಲ್ಮ್ ಇಟ್ಟಿದ್ದಾರೆ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಬದುಕಿದ್ದವರು ನಮ್ಮ ಸಭೆಯ ದೇವಾಲಯದಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳಬಹುದು. ಒಪ್ಪುವುದು ಬಿಡುವುದು ಆ ಹಿರಿಯರಿಗೇ ಬಿಟ್ಟದ್ದು ಅಂತ ನಾವು ನಂಬುತ್ತೇವೆ. ಮನೆತನ ಮುಂದಿನ ಲೋಕದಲ್ಲೂ ಒಟ್ಟಿಗಿರಬೇಕು ಅನ್ನುವ ಆಸೆ ಅದು.

ನನ್ನ ಮರದಲ್ಲಿ ಕೊಂಬೆಗಳು ಖಾಲಿ. ನನ್ನ ಅಜ್ಜನ ಹಿಂದಿನವರ ಹೆಸರು ನನಗೆ ಗೊತ್ತಿಲ್ಲ. ಬರೆದಿಟ್ಟವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಓಣಿಗೆ ಬರುತ್ತಿದ್ದರು. ನಮ್ಮ ಮನೆ ಮುಂದೆ ನಿಂತು, ಈ ಮನೆತನ ಎಲ್ಲಿಂದ ಬಂತು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಅಂತ ಉಸಿರು ಬಿಡದೆ ಹೇಳುತ್ತಿದ್ದರೆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತೇ ಕೇಳುತ್ತಿದ್ದ. ನಾನು ಆಡಲು ಓಡಿಹೋಗುತ್ತಿದ್ದೆ.

ಅಪ್ಪನ ಹೆಸರನ್ನು ನಾನು ದೇವಾಲಯಕ್ಕೆ ಕೊಟ್ಟಿಲ್ಲ. ಹುಟ್ಟಿ 110 ವರ್ಷ ದಾಟದವರ ವಿಷಯದಲ್ಲಿ ಹತ್ತಿರದ ಸಂಬಂಧಿಯ ಒಪ್ಪಿಗೆ ಬೇಕು. ಅಂದರೆ ಅವ್ವನದು. ಅವನು ಹೋದಾಗ ನಾನು ಊರು ಮುಟ್ಟುವಷ್ಟರಲ್ಲಿ ನಮ್ಮ ಹೊಲದಲ್ಲೇ ಮಣ್ಣು ಮಾಡಿ ಮುಗಿಸಿದ್ದರು. ಅಷ್ಟಕ್ಕೂ ಸಿಗದ ಮಗ ಈಗ ಯಾವ ಬಾಯಲ್ಲಿ ಕೇಳುವುದು ಅಂತ ತಡೆದುಕೊಂಡೇ ಇದ್ದೆ. ಮಗಳಿಗೆ ಬರುವ ವರ್ಷ ಎಂಟು ತುಂಬುತ್ತದೆ, ನಮ್ಮಲ್ಲಿ ದೀಕ್ಷಾಸ್ನಾನದ ವಯಸ್ಸು. ನಾನೇ ಅವಳ ಕೈ ಹಿಡಿದು ನೀರಿಗಿಳಿಸಬೇಕು, ತಂದೆಯಾದವನಿಗೆ ಅದೊಂದು ಭಾಗ್ಯ. ಆ ದಿನ ನನ್ನ ತಂದೆಯ ಮಾತೇ ಎತ್ತದೆ ಇರಲು ಆಗುತ್ತದಾ?

ಅದಾದ ಭಾನುವಾರ ತಿಂಗಳ ಮೊದಲ ಭಾನುವಾರ, ನಮಗೆ ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು ಅದರ ದುಡ್ಡನ್ನು ಬಡವರಿಗೆ ಕೊಡುತ್ತೇವೆ. ಇದನ್ನು ಮೊದಲ ಸಲ ಕೇಳಿದಾಗ ಅವ್ವ, "ನಮ್ಮ ಗವಿಮಠದ ಜಾತ್ರಿಗೆ ರೊಟ್ಟಿ ಬಡದು ಕಳಸ್ತೀವಲ್ಲ, ಹಂಗ ಐತಿ," ಅಂದಿದ್ದಳು. ಸಂಜೆ ಉಪವಾಸ ಮುಗಿಸಿ ಫೋನ್ ಮಾಡಿ, ಕೊನೆಗೂ ಕೇಳಿದೆ. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ, ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ.

"ನಿಮ್ಮಪ್ಪನ ಹೆಸರು ಹೆಳವರ ಪುಸ್ತಕದಾಗ ಐತಿ," ಅಂದಳು. "ನಿಂದೂ ಐತಿ. ಮಕ್ಕಳದು ಬರಸಿಲ್ಲ. ಮದಲ ಅದನ್ನ ಬರಸೋಣು. ನಿಂದು ಆಮ್ಯಾಲ ನೋಡೋಣಂತ."

"ಹೆಣ್ಣುಮಗಳ ಹೆಸರು ಬರೀತಾರೇನವ್ವ?"

"ಬರೀದ ಹೆಂಗ ಹೋಗ್ತಾನ? ಒಂದ ಚೀಲ ಜ್ವಾಳ ತಗದಿಟ್ಟೀನಿ. ಆದ್ರ ಸುಗ್ಗಿ ಆದಮ್ಯಾಲ ನೀನ ಬಂದು ನಿಂತು ಬರಸಬೇಕು. ನನ್ನ ಕೈಲಿ ಆಗಂಗಿಲ್ಲ."

ಮಾರ್ಚ್‌ಗೆ ನಾಲ್ವರಿಗೂ ಟಿಕೆಟ್ ನೋಡುತ್ತಿದ್ದೇನೆ. ಹೆಳವರು ಯಾವ ವಾರ ಬರುತ್ತಾರೆ ಅಂತ ಪಕ್ಕದ ಮನೆ ಕಾಕಾನ ಹತ್ತಿರ ವಿಚಾರಿಸಲು ಹೇಳಿದ್ದೇನೆ.