ಮರ್ಲೂರಿನ ದೆವ್ವ, ನೊದೆಕೊಪ್ಪಲಿನ ತಿಥಿ

17 ಆಗಸ್ಟ್ 2025, ಭಾನುವಾರ

ಅಂತೂ ‘ಸು ಫ್ರಮ್ ಸೋ’ ನೋಡಿದೆ. ಜುಲೈ 25ಕ್ಕೆ ಬಂದ ಚಿತ್ರ. ಆಫೀಸಿನಲ್ಲಿ ಎಲ್ಲರೂ ನೋಡಿ ಮುಗಿಸಿ, ಊಟದ ಹೊತ್ತಿಗೆ ಅದರದ್ದೇ ಡೈಲಾಗ್ ಹೊಡೆಯೋಕೆ ಶುರುಮಾಡಿದ ಮೇಲೆ ನನ್ನ ಸರದಿ ಬಂತು. ಈ ವಾರ ದೊಡ್ಡ ದೊಡ್ಡ ಪರಭಾಷಾ ಚಿತ್ರಗಳು ಬಂದು ಸ್ಕ್ರೀನ್ ಕಿತ್ತುಕೊಂಡಿದ್ದರೂ ನಮ್ಮ ಶೋ ಮುಕ್ಕಾಲು ತುಂಬಿತ್ತು.

ಕರಾವಳಿಯ ಮರ್ಲೂರು. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಅಶೋಕ, ಬಚಾವಾಗೋಕೆ ಮೈಮೇಲೆ ಬಂದವನ ಹಾಗೆ ಆಡ್ತಾನೆ. ಸೋಮೇಶ್ವರದ ಸುಲೋಚನಾ ಅನ್ನೋ ಹೆಸರು ಅವನಿಗೆ ಅಂಟಿಕೊಳ್ಳುತ್ತೆ. ಆಮೇಲೆ ಅವನು ಬಿಟ್ಟರೂ ಊರು ಬಿಡಲ್ಲ. ನನಗೆ ಹಿಡಿಸಿದ್ದೇ ಅದು. ದೆವ್ವ ಇದೆಯೋ ಇಲ್ಲವೋ, ಊರಿನವರಿಗೆ ಯಾರಿಗೆ ಬೇಕು? ನಾಲ್ಕು ಜನ ಸೇರಿ ಮಾತಾಡೋಕೆ ಒಂದು ವಿಷಯ ಸಿಕ್ಕಿತಲ್ಲ! ಶನಿಲ್ ಗೌತಮ್ ಅವರ ರವಿಯಣ್ಣ ಸುತ್ತ ಏನೇ ನಡೆದರೂ ಮುಖ ಗಂಟಿಕ್ಕಿಕೊಂಡೇ ಇರ್ತಾರೆ; ಅವರಿಗಾಗಿಯೇ ಟಿಕೆಟ್ ದುಡ್ಡು ವಸೂಲು. ಜೆ.ಪಿ. ತುಮಿನಾಡ್ ಕನ್ನಡದಲ್ಲಿ ಮೊದಲ ನಿರ್ದೇಶನದಲ್ಲೇ ಅಶೋಕನ ಪಾತ್ರವನ್ನೂ ಮಾಡಿ, ನಗುವನ್ನೆಲ್ಲ ಬೇರೆಯವರಿಗೆ ಹಂಚಿದ್ದಾರೆ. ನಮ್ಮಲ್ಲಿ ಹೀರೋ ಆದವರು ಅಷ್ಟು ಸುಲಭಕ್ಕೆ ಮಾಡೋ ಕೆಲಸ ಅಲ್ಲ.

ತಕರಾರು ಇರೋದು ಹಿನ್ನೆಲೆ ಸಂಗೀತದ ಬಗ್ಗೆ. ಮಾತು ಮುಗಿಯೋದೇ ತಡ, ‘ಇಲ್ಲಿ ನಗಿ’ ಅಂತ ತಿವಿಯುತ್ತೆ. ಪಾಪ, ಆ ನಟರಿಗೆ ಅದು ಬೇಕೇ ಇರಲಿಲ್ಲ. ಕೊನೆಕೊನೆಗೆ ಸುಲೋಚನಾಳ ಮಗಳು ಭಾನುವಿನ ಕಷ್ಟ ಬಂದಾಗಲಂತೂ ಕಣ್ಣೀರಿಗೂ ಅದೇ ಉಪಚಾರ.

ಮನೆಗೆ ಬಂದವನೇ ‘ತಿಥಿ’ ಸಿನಿಮಾ ಹಾಕಿಕೊಂಡು ಕೂತೆ. ಎಷ್ಟನೇ ಸಲವೋ. ಮಂಡ್ಯ ಕಡೆಯ ನೊದೆಕೊಪ್ಪಲು. ಅಲ್ಲಿನ ಜನರೇ ನಟರು. ರಾಮ್ ರೆಡ್ಡಿ ಮತ್ತು ಈರೇಗೌಡ ಸೇರಿ ಬರೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು ಬಂತು. ಶುರುವಿನಲ್ಲೇ ಸೆಂಚುರಿ ಗೌಡ ಬೀದಿಬದಿ ಕೂತು ಹೋಗಿಬರೋರನ್ನೆಲ್ಲ ಬಾಯಿಗೆ ಬಂದಂತೆ ಬೈತಾ ಇರ್ತಾನೆ. ಆಮೇಲೆ ಕೋಲು ಊರಿಕೊಂಡು ಉಚ್ಚೆ ಹೊಯ್ಯೋಕೆ ಎದ್ದವನು ಅಲ್ಲೇ ಬೀಳ್ತಾನೆ. ಅಷ್ಟೇ, 101 ವರ್ಷ ಮುಗೀತು. ಪಿಟೀಲಿಲ್ಲ, ನಿಧಾನಗತಿಯ ಶಾಟ್ ಇಲ್ಲ. ನಗಬೇಕೋ ಬೇಡವೋ ಗೊತ್ತಾಗದೆ ನಾವು ಪಕ್ಕದವರ ಮುಖ ನೋಡಬೇಕು. ಅವನ ಮಗ ಗಡ್ಡಪ್ಪ ರಾತ್ರಿ ಕುರಿಗಾಹಿಗಳ ಮುಂದೆ ತನ್ನ ಹೆಂಡತಿಯ ಕಥೆ ಬಿಚ್ಚುವಾಗಲೂ ಹಾಗೇ, ಆ ಒಡಕು ದನಿ ಬಿಟ್ಟರೆ ಏನೂ ಇಲ್ಲ. ಅಲ್ಲಿತನಕ ಕುಡುಕ ಅಲೆಮಾರಿ ಅಂದುಕೊಂಡಿದ್ದ ಮುದುಕ, ಮನೆಯ ಸಹವಾಸವೇ ಬೇಡ ಅಂತ ಹೊರಟವನು ಅಂತ ಹೊಳೆಯೋದು ಆಗಲೇ.

ಹೋದ ವಾರ ‘ಶಿವಮ್ಮ ಯರೇಹಂಚಿನಾಳ’ವನ್ನೂ ನೋಡಿದ್ದೆ. ಕೊಪ್ಪಳ ಸೀಮೆಯ ಮಾತು, ಚೈನ್ ಮಾರ್ಕೆಟಿಂಗ್ ಪುಡಿ ಮಾರೋ ಹಟಮಾರಿ ಹೆಂಗಸು. ಶಿವಮ್ಮನಾಗಿ ಶರಣಮ್ಮ ಚಟ್ಟಿ ನಡೆಯೋ ರಭಸ ನೋಡಿದರೇ ಸಾಕು, ಎದುರಿಗೆ ಸಿಕ್ಕಿದರೆ ನಾನೂ ಒಂದು ಪ್ಯಾಕೆಟ್ ಕೊಂಡುಬಿಡ್ತೀನಿ. ನಡುವೆ ಸ್ವಲ್ಪ ಎಳೆದಿದ್ದಾರೆ.

‘ಸು ಫ್ರಮ್ ಸೋ’ ಸಂಗೀತದ ವಿಷಯಕ್ಕೆ ತಂಗಿ ಜೊತೆ ಫೋನಲ್ಲಿ ಜಗಳವೇ ಆಯ್ತು. ‘ನಿಂಗೆ ಎಲ್ಲಾ ಸಿನಿಮಾನೂ ತಿಥಿ ಥರಾನೇ ಇರ್ಬೇಕಾ ಅಣ್ಣ? ನಾವು ನಗೋಕೆ ಅಂತ್ಲೇ ಹೋಗಿದ್ದು’ ಅಂದಳು. ಅದರಲ್ಲಿ ‘ಬಾವ’ನ ಪಾತ್ರ ಬರೋ ಹಾಡಿಗೆ ನೀನೂ ಕುಣಿದಿರ್ತೀಯ ಅಂತ ಬೇರೆ. ಕಾಲು ತಾಳ ಹಾಕಿದ್ದು ನಿಜ, ಒಪ್ಪಿಕೊಳ್ಳಲಿಲ್ಲ. ಮುಂದಿನ ಶನಿವಾರ ಅವಳು ಮತ್ತೊಮ್ಮೆ ಹೋಗ್ತಾಳಂತೆ, ನಾನೂ ಬರಬೇಕಂತೆ. ಟಿಕೆಟ್ ಅವಳೇ ತೆಗೆಸೋದಾದರೆ ಅಡ್ಡಿಯಿಲ್ಲ ಅಂದಿದ್ದೀನಿ.