ಸಹಿಗೊಂದು ಸಹಿ, ಆ ಸಹಿಗೆ ಇನ್ನೊಂದು

ಹೊರದೇಶದಲ್ಲಿ ನಡೆಯಲು ಬೇಕಾದ ಸಹಿ, ಸೀಲು ಮಾಡಿಸಿಕೊಡಿ ಎಂದು ಒಂದೇ ಬೆಳಿಗ್ಗೆ ಎರಡು ಬಿ.ಇ. ಪದವಿ ಪತ್ರಗಳು ಮೇಜಿಗೆ ಬಂದವು. ಎರಡೂ ವಿ.ಟಿ.ಯು.ದವು, ಒಂದೇ ಬ್ಯಾಚಿನವು. ಒಂದು ಮಸ್ಕತ್‌ಗೆ, ಇನ್ನೊಂದು ದುಬೈಗೆ. ತಂದವರ ಪ್ರಶ್ನೆ ಯಾವತ್ತಿನದೇ: "ಸರ್, ಎರಡನ್ನೂ ಒಟ್ಟಿಗೇ ಮಾಡಿಸಿಬಿಡಬಹುದಲ್ಲ?" ಅರ್ಧ ದಾರಿ ಒಟ್ಟಿಗೆ ಹೋಗಬಹುದು. ಅಲ್ಲಿಂದಾಚೆ ಎರಡಕ್ಕೂ ಬೇರೆ ಬೇರೆ ದಾರಿ.

ಮಸ್ಕತ್ ಇರುವ ಒಮಾನ್ 1961ರ ಹೇಗ್ ಒಪ್ಪಂದದ ಸದಸ್ಯ ದೇಶ. ಒಂದು ದೇಶದ ಕಾಗದವನ್ನು ರಾಯಭಾರ ಕಚೇರಿಯ ಸೀಲಿಲ್ಲದೆ ಇನ್ನೊಂದು ದೇಶ ಒಪ್ಪುವ ಒಪ್ಪಂದ ಅದು. ಭಾರತದಲ್ಲಿ ಆ ಒಪ್ಪಂದ ಜಾರಿಯಾದದ್ದು 2005ರ ಜುಲೈ 14ರಂದು. ಹಾಗಾಗಿ ಮಸ್ಕತ್‌ನ ಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಎಂಬ ದೃಢೀಕರಣ ಸ್ಟಿಕ್ಕರ್ ಬಿದ್ದರೆ ಮುಗಿಯಿತು, ರಾಯಭಾರ ಕಚೇರಿಯ ಬಾಗಿಲು ತಟ್ಟಬೇಕಿಲ್ಲ. ಯುಎಇ ಇದನ್ನು ಬರೆಯುವ ಹೊತ್ತಿಗೂ ಆ ಒಪ್ಪಂದದ ಹೊರಗಿದೆ. ಅಲ್ಲಿಗೆ ಸಚಿವಾಲಯದ ಸಾಮಾನ್ಯ ಅಟೆಸ್ಟೇಷನ್ (ದೃಢೀಕರಣ ಸೀಲು), ಅದರ ಮೇಲೆ ಯುಎಇ ರಾಯಭಾರ ಕಚೇರಿಯದು, ದುಬೈಗೆ ಮುಟ್ಟಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ್ದು. ಕತಾರ್, ಕುವೈತ್‌ಗೂ ಹೀಗೇ. ಸೌದಿ ಅರೇಬಿಯಾ 2022ರ ಡಿಸೆಂಬರ್‌ನಿಂದ, ಕೆನಡಾ 2024ರ ಜನವರಿಯಿಂದ ಅಪೋಸ್ಟಿಲ್ ಕಡೆಗೆ ಬಂದಿವೆ. ಹತ್ತು ವರ್ಷದ ಹಿಂದೆ ಸೌದಿಗೆ ಹೋದ ಭಾವನ ಮಾತು ಕೇಳಿ ಈಗಲೂ ರಾಯಭಾರ ಕಚೇರಿಗೆ ದುಡ್ಡು ಕಟ್ಟಲು ಹೊರಡುವವರಿದ್ದಾರೆ. ಜರ್ಮನಿಯದು ಇನ್ನೊಂದು ಬಗೆ: ಒಪ್ಪಂದದಲ್ಲಿ ಇದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿದ ದೇಶ ಅದು. ನಮ್ಮ ಅಪೋಸ್ಟಿಲ್ ಅಲ್ಲಿ ನಡೆಯುವುದಿಲ್ಲ.

ಅದಕ್ಕೇ ಈ ಕೆಲಸವನ್ನು ತುದಿಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಕಾಗದ ಕೇಳಿದವರು ಯಾರು, ಅವರು ಒಪ್ಪುವ ಕೊನೆಯ ಸೀಲು ಯಾವುದು, ಆ ಸೀಲು ಹಾಕುವವರು ನೋಡುವ ಹಿಂದಿನ ಸಹಿ ಯಾರದು? ಯಾವ ಕಚೇರಿಯೂ ನಿಮ್ಮ ಅಂಕ ನೋಡುವುದಿಲ್ಲ. ಅವರು ನೋಡುವುದು ತಮ್ಮ ಮುಂಚೆ ಸಹಿ ಹಾಕಿದವರ ಸಹಿಯನ್ನು, ತಮ್ಮ ಕಡತದಲ್ಲಿರುವ ಮಾದರಿ ಸಹಿಯ ಜೊತೆ ಹಿಡಿದು. ಅಪೋಸ್ಟಿಲ್‌ನ ಅರ್ಥವೂ ಅಷ್ಟೇ: ಸಹಿ ನಿಜ, ಸಹಿ ಹಾಕಿದವರ ಹುದ್ದೆ ನಿಜ, ಸೀಲು ನಿಜ. ಒಳಗೆ ಬರೆದದ್ದು ನಿಜವೆಂದು ಅದು ಎಲ್ಲೂ ಹೇಳುವುದಿಲ್ಲ. ರಾಜ್ಯದ ಇಲಾಖೆಯಲ್ಲಿ ಅಧಿಕಾರಿ ವರ್ಗವಾಗಿ ಹೊಸಬರು ಬಂದು, ಅವರ ಮಾದರಿ ಸಹಿ ಸಚಿವಾಲಯಕ್ಕೆ ಇನ್ನೂ ತಲುಪದಿದ್ದರೆ, ಅಪ್ಪಟ ಪದವಿ ಪತ್ರವೂ ವಾಪಸ್ ಬರುತ್ತದೆ. ಇದರಲ್ಲಿ ಅರ್ಜಿದಾರರ ತಪ್ಪು ಏನೂ ಇಲ್ಲ, ಕಾಯುವುದು ಮಾತ್ರ ಅವರೇ.

ಪದವಿಗೆ ಮೊದಲ ಹೆಜ್ಜೆ ವಿಶ್ವವಿದ್ಯಾಲಯದ ಪರಿಶೀಲನಾ ಪತ್ರ. ವಿ.ಟಿ.ಯು. ಆದ್ದರಿಂದ ಬೆಳಗಾವಿ. ಆಮೇಲೆ ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಲ್ಲಿ ಉನ್ನತ ಶಿಕ್ಷಣ ಇಲಾಖೆ. ಜನನ, ಮದುವೆ ಪತ್ರಗಳಾದರೆ ಗೃಹ ಇಲಾಖೆ. ಮೂರನೆಯದು ವಿದೇಶಾಂಗ ಸಚಿವಾಲಯ. 2019ರಿಂದ ಬೆಂಗಳೂರಿನಲ್ಲೇ ಆಗುವುದರಿಂದ ದೆಹಲಿಗೆ ಕಳಿಸುವ ಅಗತ್ಯವಿಲ್ಲ. ಆದರೆ ನೇರವಾಗಿ ಕೌಂಟರಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ, ಸಚಿವಾಲಯ ಗುರುತಿಸಿದ ಏಜೆನ್ಸಿ ಮೂಲಕವೇ ಕೊಡಬೇಕು. ಅಪೋಸ್ಟಿಲ್‌ನ ಸರ್ಕಾರಿ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ. ಅದರ ಮೇಲೆ ಕೇಳುವ ಸಾವಿರಗಳು ಓಡಾಟದ ಕೂಲಿ. ರಾಜ್ಯದ ಇಲಾಖೆಯ ಬದಲು ದೆಹಲಿಯ ಎಸ್‌ಡಿಎಂ (ಉಪವಿಭಾಗ ಮ್ಯಾಜಿಸ್ಟ್ರೇಟ್) ಸೀಲಿನ ಅಡ್ಡದಾರಿಯೂ ಇದೆ, ಅಗ್ಗ, ಬೇಗ. ದುಬೈ ಕೆಲಸಕ್ಕೆ ಅದು ಸಾಲದು, ರಾಜ್ಯದ ಶಿಕ್ಷಣ ಇಲಾಖೆಯ ಸೀಲೇ ಬೇಕು.

ಮಸ್ಕತ್‌ನ ಪತ್ರಕ್ಕೆ ಬೇರೆಯದೇ ತೊಡಕು. ಜೋಪಾನವಾಗಿರಲೆಂದು ಯಾರೋ ಲ್ಯಾಮಿನೇಷನ್ ಮಾಡಿಸಿದ್ದರು. ಸೀಲುಗಳು, ಅಪೋಸ್ಟಿಲ್ ಸ್ಟಿಕ್ಕರ್ ಎಲ್ಲ ಬೀಳುವುದು ಪತ್ರದ ಬೆನ್ನಿನ ಮೇಲೆ. ಪ್ಲಾಸ್ಟಿಕ್ಕಿನ ಮೇಲೆ ಮಸಿ ನಿಲ್ಲುವುದಿಲ್ಲ. ಅದನ್ನು ಬಿಸಿ ಮಾಡಿ ಬಿಡಿಸಲು ಹೋದರೆ ಪ್ಲಾಸ್ಟಿಕ್ಕಿನ ಜೊತೆ ಅಕ್ಷರದ ಪುಡಿಯೂ ಎದ್ದು ಬರುತ್ತದೆ, ಹಳೆಯ ಅಂಕಪಟ್ಟಿಗಳಲ್ಲಿ ವಿಶೇಷವಾಗಿ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟು ಪ್ರಯೋಗ ಮಾಡಬೇಡಿ. ಹೆಚ್ಚಿನ ಸಲ ವಿಶ್ವವಿದ್ಯಾಲಯದಿಂದ ಎರಡನೆಯ ಪ್ರತಿ ತರಿಸುವುದೇ ಕ್ಷೇಮ.

ದುಬೈನದಕ್ಕೆ ಇನಿಷಿಯಲ್ಲಿನ ಕಾಟ. ನಮ್ಮ ಕಡೆಯವರಿಗೆ ಇದು ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಪದವಿಯಲ್ಲಿ ಹೆಸರಿನ ಹಿಂದೆ ಬರೀ ‘ಕೆ.ಎಸ್.’ ಇತ್ತು. ಪಾಸ್‌ಪೋರ್ಟಿನಲ್ಲಿ ಆ ಕೆ ‘ಕಡೂರು’ ಆಗಿ, ಎಸ್ ‘ಶಂಕರಪ್ಪ’ ಆಗಿ, ಎರಡೂ ಸೇರಿ ಸರ್‌ನೇಮ್ ಆಗಿ ಕೂತಿವೆ. ಹಾಸನದಲ್ಲಿ ಯಾರಿಗೂ ಸಂಶಯ ಬಾರದು. ಹೊರದೇಶದ ಗುಮಾಸ್ತರಿಗೆ ಇವರು ಇಬ್ಬರು ಮನುಷ್ಯರು. ‘ಇಬ್ಬರೂ ಒಬ್ಬರೇ’ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬಹುದು. ಆದರೆ ಆ ಅಫಿಡವಿಟ್ಟಿಗೂ ಇದೇ ಸಹಿಗಳ ಸರಪಳಿ ಬೇಕಾಗುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದ ಮಕ್ಕಳಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಪೂರ್ತಿ ಹೆಸರು ಬರೆಸಿ. ಜನನ ಪತ್ರದಲ್ಲಿ ಹೆಸರಿನ ಜಾಗದಲ್ಲಿ ಗೆರೆಯೇ ಇದ್ದರೆ ಅದನ್ನೂ ನೋಂದಣಿ ಕಚೇರಿಯಲ್ಲಿ ಈಗಲೇ ತುಂಬಿಸಿ. ಆನ್‌ಲೈನ್ ಪ್ರಿಂಟಿಗೆ ಅಲ್ಲೇ ಮಸಿಯ ಸಹಿ, ಗುಂಡು ಸೀಲು ಹಾಕಿಸಿಕೊಂಡರೆ ಮುಂದೆ ತಕರಾರು ಕಡಿಮೆ.

ಕಂಪನಿ ಕಾಗದಗಳ ಮೊದಲ ಸಹಿ ವಾಣಿಜ್ಯ ಮಂಡಳಿಯದು (ಚೇಂಬರ್ ಆಫ್ ಕಾಮರ್ಸ್). ಇನ್‌ವಾಯ್ಸ್, ಬೋರ್ಡ್ ನಿರ್ಣಯ ಲೆಟರ್‌ಹೆಡ್‌ನಲ್ಲಿರಬೇಕು. ಸಹಿ ಹಾಕಿದವರ ಮಾದರಿ ಸಹಿ ಮಂಡಳಿಯಲ್ಲಿ ಮುಂಚೆಯೇ ದಾಖಲಾಗಿರಬೇಕು. ಡೈರೆಕ್ಟರ್ ಊರಲ್ಲಿಲ್ಲ ಎಂದು ಮ್ಯಾನೇಜರ್ ಗೀಚಿದ ಸಹಿ ಮೊದಲ ಕೌಂಟರಿನಲ್ಲೇ ನಿಲ್ಲುತ್ತದೆ.

ತಿರುಗುದಾರಿಯಲ್ಲೂ ಒಂದು ಗಡುವು ಇದೆ. ದುಬೈಯಲ್ಲಿ ಕೂತು ಅಣ್ಣನ ಹೆಸರಿಗೆ ಬರೆದು ಕಳಿಸುವ ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಅದು ಬಂದ ಕೊರಿಯರ್ ಕವರನ್ನು ಎಸೆಯಬೇಡಿ. ಬಂದ ತಾರೀಕಿಗೆ ಅದೇ ಸಾಕ್ಷಿ.

ಸ್ಟಿಕ್ಕರ್ ಅಂಟಿದ ದಿನವೇ ಅದರ ಮೇಲಿನ ಸಂಖ್ಯೆಯನ್ನು ಸಚಿವಾಲಯದ ತಾಣದಲ್ಲಿ ಹಾಕಿ ನೋಡಿ, ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಜೆರಾಕ್ಸ್ ಅಂಗಡಿಯ ಹುಡುಗ "ಲ್ಯಾಮಿನೇಷನ್ ಮಾಡ್ಲಾ ಸರ್?" ಎಂದು ಕೇಳಿಯೇ ಕೇಳುತ್ತಾನೆ. ಬೇಡ ಅನ್ನಿ.